ಕೊಡ ಬಿದ್ದ ಸಪ್ಪಳ

ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವ ಮಾತು ಒಂದೇ: "ಯಾವಾಗಿನಿಂದ?" ಮೊಣಕಾಲು ನೋವಿಗೆ ಹೋದರೂ ಅದೇ, ಕೆಮ್ಮಿಗೆ ಹೋದರೂ ಅದೇ. ಜೊತೆಗೆ ಬಂದ ಮೊಮ್ಮಗಳು ನನ್ನ ಪರವಾಗಿ "ಒಂದು ತಿಂಗಳಿಂದ" ಎಂದು ಥಟ್ಟನೆ ಹೇಳಿಬಿಡುತ್ತಾಳೆ. ನಾನು ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ಎಡಗೈಯ ಅಂಗೈಯನ್ನು ತಿರುವಿ ನೋಡಿಕೊಳ್ಳುತ್ತ ಕೂತಿರುತ್ತೇನೆ. ಮುದುಕಿಗೆ ಕಿವಿ ಮಂದ ಎಂದು ಡಾಕ್ಟರು ತಿಳಿದುಕೊಳ್ಳುತ್ತಾರೆ. ತಿಳಿದುಕೊಳ್ಳಲಿ. ಆ ಪ್ರಶ್ನೆ ಒಮ್ಮೆ ನಮ್ಮ ಮನೆಯಲ್ಲಿ ಏನೇನು ಮಾಡಿತು ಎಂಬುದನ್ನು ಅವರಿಗೆ ಹೇಳುತ್ತ ಕೂತರೆ ಹೊರಗೆ ಕಾಯುವ ಜನ ನನ್ನನ್ನು ಎತ್ತಿ ಒಯ್ದು ಬೀದಿಗೆ ಇಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತೇನೆ.

ಇದು ನಿಜಾಮನ ಕಾಲದ ಮಾತು, ದೊಡ್ಡ ಯುದ್ಧ ನಡೆದಿದ್ದ ವರ್ಷಗಳದ್ದು. ನಾನು ದೇವದುರ್ಗದ ಹುಡುಗಿ, ಮಾನ್ವಿಗೆ ಸೊಸೆಯಾಗಿ ಬಂದಿದ್ದೆ. ಮನೆಯಲ್ಲಿ ಮೂವರೇ: ಅತ್ತೆ, ನಮ್ಮ ಮನೆಯವರು, ನಾನು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯವರು ಎತ್ತಿನ ಗಾಡಿ ಹೊಡೆಯುತ್ತಿದ್ದರು. ಹತ್ತಿಯ ಕಾಲದಲ್ಲಿ ಹತ್ತಿ ಹೇರಿಕೊಂಡು ರಾಯಚೂರಿಗೆ, ಉಳಿದ ಕಾಲದಲ್ಲಿ ಸಿಕ್ಕಿದ್ದನ್ನು ಹೇರಿಕೊಂಡು ಸಿಕ್ಕಲ್ಲಿಗೆ. ಅತ್ತೆ ಮತ್ತು ನಾನು ಹೊಲದ ಕೂಲಿಗೆ ಹೋಗುತ್ತಿದ್ದೆವು. ಊರಿಗೆ ಹಿಟ್ಟಿನ ಗಿರಣಿ ಬಂದಿತ್ತೋ ಇಲ್ಲವೋ ನೆನಪಿಲ್ಲ, ನಮ್ಮ ಮನೆಗಂತೂ ಬಂದಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಅತ್ತೆ ಸೊಸೆ ಇಬ್ಬರೂ ಬೀಸುವ ಕಲ್ಲಿನ ಆಚೆ ಈಚೆ ಕೂಡಬೇಕು, ಒಂದೇ ಗೂಟವನ್ನು ಇಬ್ಬರೂ ಹಿಡಿಯಬೇಕು, ಒಬ್ಬರು ನೂಕಿದಾಗ ಇನ್ನೊಬ್ಬರು ಜಗ್ಗಬೇಕು. ನಾನು ಅಕ್ಷರ ಕಲಿತದ್ದು ಬಹಳ ತಡವಾಗಿ, ಮಗಳ ಪಾಟಿಯ ಮೇಲೆ. ಮಾತು ಕಲಿತದ್ದು ಮಾತ್ರ ಆ ಕಲ್ಲಿನ ಮುಂದೆ, ಮೊದಲು ಅವ್ವನ ಬಾಯಿಂದ, ಆಮೇಲೆ ಅತ್ತೆಯ ಬಾಯಿಂದ.

ಅತ್ತೆಯ ಬಾಯಿ ಎಂದರೆ ಬಾಯಿ. ನನ್ನ ಕೈ ಸ್ವಲ್ಪ ಸಡಿಲವಾದರೆ ಸಾಕು.

"ಏನ್ ಬೇ, ನಿಮ್ಮ ದೇವದುರ್ಗದಾಗ ಹಿಟ್ಟು ಗಿಡಕ್ಕ ಬಿಡ್ತದೇನು? ಜಗ್ಗು ಇಷ್ಟು!"

"ಜಗ್ಗಾಕತ್ತೀನ್ರೀ ಅತ್ತಿ."

"ನೀ ಜಗ್ಗಾಕತ್ತಿಲ್ಲ, ಗೂಟಕ್ಕ ಜೋತು ಬಿದ್ದೀದಿ."

ಗಟ್ಟಿ ಹೆಂಗಸು ಆಕೆ. ಜಡ್ಡು ಜಾಪತ್ತು, ಕಾಯಿಲೆ ಕಸಾಲೆಯ ಮಾತು ಬಂದರೆ ಎದೆ ಉಬ್ಬಿಸಿ ಹೇಳುತ್ತಿದ್ದಳು: "ನಾ ಹಾಸಿಗಿ ಹಿಡದದ್ದು ಹಡೆಯಾಕಷ್ಟ ನೋಡು. ಅದೂ ಎದ್ದು ಕುಂತು ನಾನ ರೊಟ್ಟಿ ಬಡದೀನಿ." ಓಣಿಯವರಿಗೂ ಅದು ಒಪ್ಪಿತವಾದ ಮಾತೇ. ಪಕ್ಕದ ಮನೆಯಲ್ಲಿ ಬಳೆ ಮಾರುವ ಬೀಬಿ ಇದ್ದಳು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮಂಥದೇ ಕನ್ನಡ. ಅವಳು ಅತ್ತೆಗೆ ಬಳೆ ತೊಡಿಸುವಾಗ, "ಅಕ್ಕಾ, ನಿನ್ನ ಕೈಗೆ ಬಳಿ ಬ್ಯಾಡ, ಗಾಡಿ ಗಾಲಿ ಪಟ್ಟಿ ಬೇಕು" ಎಂದು ನಗುತ್ತಿದ್ದಳು.

ಆ ವರ್ಷ ದಸರೆಗೆ ಮನೆ ಸಾರಿಸಲು ನೀರು ಬಹಳ ಬೇಕಾಗಿತ್ತು. ಅತ್ತೆ ಸೊಸೆ ಇಬ್ಬರೂ ಬಾವಿಗೆ ಹೋದೆವು. ತುಂಬಿದ ಹಿತ್ತಾಳೆ ಕೊಡವನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಎದುರು ನಿಂತವಳು ಕೈ ಕೊಡಬೇಕು. ನಾನು ಎತ್ತಿ ಕೊಟ್ಟೆ. ಒದ್ದೆಯಾಗಿದ್ದ ಕೊಡ ನಮ್ಮಿಬ್ಬರ ನಡುವೆ ಜಾರಿತು. ಅತ್ತೆ ಹಿಂದಕ್ಕೆ ಜಿಗಿದಳು. ಕೊಡ ಬಾವಿಯ ಹಾಸುಗಲ್ಲಿನ ಮೇಲೆ ಬಿದ್ದು ಖಣ್ ಎಂದಿತು, ಇಬ್ಬರ ಸೀರೆಯೂ ತೊಯ್ದು ತೊಪ್ಪೆಯಾಯಿತು. ನಾನು ಬೈಗುಳಕ್ಕೆ ಕಾದು ನಿಂತೆ. ಅತ್ತೆ ಬೈಯಲಿಲ್ಲ. "ಹಬ್ಬದ ಜಳಕ ಇಲ್ಲೇ ಆತು ತಗೋ" ಎಂದು ನಕ್ಕಳು. ಕೊಡದ ಹೊಟ್ಟೆಯಲ್ಲಿ ಒಂದು ತಗ್ಗು ಬಿದ್ದಿತ್ತು. ಮನೆಗೆ ಬಂದಾಗ ಅದನ್ನು ನೋಡಿ ಬೀಬಿ, "ಅರೇ ಅಕ್ಕಾ, ಕೊಡಕ್ಕ ಹೊಕ್ಕಳ ಬಂತಲ್ಲ!" ಎಂದಳು. ಅಂದಿನಿಂದ ಅದು ನಮ್ಮ ಮನೆಯಲ್ಲಿ ಹೊಕ್ಕಳ ಕೊಡವೇ ಆಯಿತು.

ನಾನು ಕಂಡದ್ದು ಇಷ್ಟು. ಇಷ್ಟೇ ಕಂಡೆ ಎಂದು ಈಗ ಬರೆಯುವಾಗಲೂ ನನ್ನ ಕೈ ತಡೆಯುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅತ್ತೆಯ ಬೆನ್ನು ತಿಕ್ಕುತ್ತಿದ್ದೆ. ಆಕೆ ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಬಲಗಡೆ ಎದೆಯ ಮೇಲೆ ಇಟ್ಟಳು.

"ಇಲ್ಲಿ ಏನೋ ಗಟ್ಟಿ ಹತ್ತತದ, ನೋಡು."

ನಿಂಬೆಕಾಯಿಯಷ್ಟಿತ್ತು. ಒತ್ತಿದರೆ ಜಾರಲಿಲ್ಲ, ಅಲ್ಲೇ ಬೇರು ಬಿಟ್ಟಂತೆ ಕೂತಿತ್ತು. "ನೋಯ್ತದೇನ್ರೀ?" ಎಂದು ಕೇಳಿದೆ. "ನೋಯಂಗಿಲ್ಲ. ಅದಕ್ಕ ಗೊತ್ತಾಗಿಲ್ಲ" ಎಂದಳು. ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ಹಚ್ಚಿದ ಎಲೆಗಳಿಂದ, ಕಟ್ಟಿದ ಪಟ್ಟಿಗಳಿಂದ ಗಡ್ಡೆ ಕರಗಲಿಲ್ಲ. ಸುದ್ದಿ ಹರಡಿತು, ಮಾತಾಡಿಸುವವರು ಬರತೊಡಗಿದರು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಹೋಗದಿದ್ದರೆ ಅದು ವೈರದ ಗುರುತು. ಬಂದವರು ಬಾಳೆಹಣ್ಣನ್ನೋ ಬೆಲ್ಲವನ್ನೋ ಮುಂದಿಟ್ಟು, ಗೋಡೆಗೆ ಆತು ಕೂತು, "ಹೆಂಗ ಸುರು ಆತವ್ವಾ?" ಎನ್ನಬೇಕು. ಜಡ್ಡಾದವರು ಮೊದಲಿನಿಂದ ಹೇಳಬೇಕು. ನಿನ್ನೆ ಬಂದವರಿಗೆ ಹೇಳಿದ್ದೇನೆ ಎಂದು ಇಂದು ಬಂದವರಿಗೆ ಮೊಟಕುಗೊಳಿಸಿದರೆ ಅವರು ಮುಖ ಸಣ್ಣ ಮಾಡುತ್ತಾರೆ. ಹೀಗೆ ಅತ್ತೆ ತನ್ನ ಜಡ್ಡಿನ ಕತೆಯನ್ನು ದಿನಾ ಹೇಳಿದಳು, ಒಮ್ಮೊಮ್ಮೆ ದಿನಕ್ಕೆ ನಾಲ್ಕು ಸಲ ಹೇಳಿದಳು. ಚಹಾ ಎಂಬುದು ಆಗ ನಮ್ಮಂಥವರ ಮನೆಯಲ್ಲಿ ಇರಲಿಲ್ಲ. ನೀರು ಬೆಲ್ಲ ಕೊಡುತ್ತ, ರೊಟ್ಟಿ ಬಡಿಯುತ್ತ ನಾನು ಅಷ್ಟೂ ಸಲ ಕೇಳಿದೆ.

ಮೊದಮೊದಲು ಕತೆ ಬಚ್ಚಲಿನಿಂದ ಶುರುವಾಗುತ್ತಿತ್ತು. ಜಳಕ ಮಾಡುವಾಗ ಕೈಗೆ ಹತ್ತಿತು, ಅಷ್ಟೇ. ಅದಕ್ಕೆ ಮುಂಚೆ ಏನೂ ಇಲ್ಲ. ಬಂದವರಿಗೆ ಅದು ಸಪ್ಪೆ ಎನಿಸುತ್ತಿತ್ತು. ಹೊಲದಲ್ಲಿ ಬೆಳೆ ತಾನಾಗಿ ಬರುವುದಿಲ್ಲ, ಮೈಯಲ್ಲಿ ಗಡ್ಡೆ ತಾನಾಗಿ ಹೇಗೆ ಬಂದೀತು? ಒಂದು ದಿನ ಕುರ್ಡಿಯಿಂದ ಸಂಬಂಧದ ಒಬ್ಬ ಮುದುಕಿ ಬಂದಳು.

"ಏನರೆ ಬಡದಿತ್ತೇನವ್ವಾ? ಬಡೀಲಾರದ ಗಡ್ಡಿ ಏಳಂಗಿಲ್ಲ. ನಮ್ಮ ಚಿಗವ್ವಗ ಎಮ್ಮಿ ಕೋಡು ಬಡದು ಹಿಂಗ ಆಗಿತ್ತು."

"ಇಲ್ಲವ್ವಾ, ಏನೂ ಬಡದಿಲ್ಲ" ಎಂದಳು ಅತ್ತೆ.

"ನೆನಪು ಮಾಡ್ಕೋ. ಮಂದಿ ಮರೀತಾರ, ಮೈ ಮರಿಯಂಗಿಲ್ಲ."

ಅತ್ತೆ ಜಂತಿಯ ಕಡೆ ನೋಡಿದಳು. "ದಸರಾದಾಗ ಕೊಡ ಬಿದ್ದಿತ್ತು ಒಂದು…"

"ಹಾಂ!" ಎಂದಳು ಮುದುಕಿ. ಕಳೆದುಹೋದ ಮೂಗುತಿ ಸಿಕ್ಕಿದ ಹಾಗಿತ್ತು ಆ ದನಿ.

ಅಂದಿನಿಂದ ಕತೆ ಬಾವಿಯಿಂದ ಶುರುವಾಯಿತು. ಮೊದಲು ಕೊಡ ಬಿತ್ತು. ಕೆಲವು ದಿನಗಳ ಮೇಲೆ ಬೀಳುವಾಗ ಎದೆಗೆ ತಾಕಿತು. ಎಳ್ಳಮವಾಸ್ಯೆಯ ಹೊತ್ತಿಗೆ ಅದು ಎದೆಗೆ ಬಡಿದೇ ಬಿದ್ದಿತ್ತು, ಅತ್ತೆಗೆ ಕಣ್ಣು ಕತ್ತಲೆ ಬಂದು ಬಾವಿಯ ಕಟ್ಟೆ ಹಿಡಿದು ಕೂತಿದ್ದಳು. ಇನ್ನೊಂದು ವಿಚಿತ್ರ ಹೇಳುತ್ತೇನೆ. ಕೊಡದ ಪೆಟ್ಟು ಜೋರಾದಷ್ಟೂ ಅದಕ್ಕೆ ಮುಂಚಿನ ಆಕೆಯ ಆರೋಗ್ಯವೂ ಜೋರಾಗುತ್ತ ಹೋಯಿತು. "ಅಲ್ಲೀತನಕ ತಲಿನೋವು ಅಂದ್ರ ಹೆಂಗಿರ್ತದ ಅಂತ ನನಗ ಗೊತ್ತಿದ್ದಿಲ್ಲ" ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಆಕೆ ತಲೆಗೆ ಬಟ್ಟೆ ಬಿಗಿದುಕೊಂಡು ಮೂಲೆಯಲ್ಲಿ ಕೂತದ್ದನ್ನು ನಾನು ಕಂಡಿದ್ದೆ. ಹೋದ ಮಳೆಗಾಲದಲ್ಲಿ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದದ್ದನ್ನೂ ಕಂಡಿದ್ದೆ. ಅವೆಲ್ಲ ಎಲ್ಲಿ ಹೋದವು? ಅತ್ತೆ ಸುಳ್ಳು ಹೇಳುವವಳಲ್ಲ. ಸುಳ್ಳು ಹೇಳುವವರು ನಡುವೆ ನಮ್ಮ ಮುಖ ನೋಡುತ್ತಾರೆ. ಅತ್ತೆ ಯಾರ ಮುಖವನ್ನೂ ನೋಡದೆ, ತನಗೆ ಕಾಣುತ್ತಿದ್ದುದನ್ನೇ ಹೇಳುತ್ತಿದ್ದಳು.

ಕೊಡ ಎತ್ತಿ ಕೊಟ್ಟವಳು ಸೊಸೆ ಎಂಬ ಮಾತು ಮೊದಲು ಯಾರ ಬಾಯಿಂದ ಬಂತೋ ನನಗೆ ತಿಳಿಯದು. ಒಂದು ದಿನ ನಾನು ಬೆಲ್ಲದ ತಟ್ಟೆ ಹಿಡಿದು ಬಂದಾಗ ಕೂತವರೆಲ್ಲ ಸುಮ್ಮನಾದರು. ಒಬ್ಬಾಕೆ ನನ್ನ ಕೈಗಳನ್ನೇ ನೋಡಿದಳು.

ಹತ್ತಿಯ ಕಾಲ ಬಂತು. ರಾಯಚೂರಿನ ದವಾಖಾನೆಯಲ್ಲಿ ಹೆಂಗಸರನ್ನು ನೋಡುವ ಡಾಕ್ಟರಮ್ಮ ಇದ್ದಾಳೆ ಎಂದು ಬೀಬಿ ಹಟ ಹಿಡಿದಳು. ಅವಳಿಗೂ ರಾಯಚೂರಿನ ಪೇಟೆಯಲ್ಲಿ ಬಳೆ ತರುವುದಿತ್ತು. ಡಾಕ್ಟರಮ್ಮ ಉರ್ದು ಮಾತಾಡುವವಳು, ನಮಗೆ ಉರ್ದು ಬಾರದು. ಹತ್ತಿಯ ಹೇರಿನ ಮೇಲೆ ಅತ್ತೆ, ಬೀಬಿ, ನಾನು ಮೂವರೂ ಕೂತು ಹೋದೆವು. ಮನೆಯವರು ಕೆಳಗೆ ನೊಗದ ಹತ್ತಿರ. ಹತ್ತಿಯ ಮೇಲೆ ಕೂತರೆ ಗಾಡಿಯ ಅಲುಗಾಟವೇ ತಿಳಿಯುವುದಿಲ್ಲ. ದಾರಿಯುದ್ದಕ್ಕೂ ಅತ್ತೆ ಬಲತೋಳನ್ನು ಹೊಟ್ಟೆಗೆ ಆನಿಸಿಕೊಂಡೇ ಇದ್ದಳು.

ಡಾಕ್ಟರಮ್ಮ ಕೈ ತೊಳೆದು, ಗಡ್ಡೆ ಮುಟ್ಟಿ, ಬಗಲು ಮುಟ್ಟಿ, ಕೂತಳು. "ಕಬ್ ಸೇ ಹೈ?"

"ಯಾವಾಗಿಂದ ಅಂತ ಕೇಳ್ತಾರ ಅಕ್ಕಾ" ಎಂದಳು ಬೀಬಿ.

"ದಸರಾದಿಂದ ಅಂತ ಹೇಳು. ಕೊಡ ಬಡದು."

ಡಾಕ್ಟರಮ್ಮ ಮತ್ತೆ ಮತ್ತೆ ಕೇಳಿದಳು. ಅದಕ್ಕೆ ಮುಂಚೆ ಸುಸ್ತಾಗುತ್ತಿತ್ತೆ? ತೋಳು ಎತ್ತಲು ಬಿಗಿಯುತ್ತಿತ್ತೆ? ಊಟ ಸೇರುತ್ತಿತ್ತೆ? ಮೈ ಇಳಿಯಿತೆ? ಬೀಬಿ ಒಂದೊಂದನ್ನೂ ಕನ್ನಡಕ್ಕೆ ತಿರುಗಿಸಿದಳು, ಅತ್ತೆ ಒಂದೊಂದಕ್ಕೂ "ಇಲ್ಲ" ಎಂದಳು. ಕೊನೆಗೆ ಡಾಕ್ಟರಮ್ಮ ಮೆಲ್ಲಗೆ ಬಹಳ ಹೊತ್ತು ಮಾತಾಡಿದಳು. ಕೇಳುತ್ತ ಕೇಳುತ್ತ ಬೀಬಿ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು.

"ಅಕ್ಕಾ, ಇದು ಕ್ಯಾನ್ಸರ್ ಅಂತಾರ. ಬಗಲಿಗೂ ಇಳದದಂತ. ಇಲ್ಲಿ ಕೊಯ್ದು ತಗದ್ರ ಉಪಯೋಗ ಇಲ್ಲ, ಹೈದರಾಬಾದಿಗೆ ಹೋಗಿ ನೋಡ್ರಿ ಅಂತಾರ." ಬೀಬಿ ನನ್ನ ಕಡೆ ನೋಡಿದಳು. "ಮತ್ತ… ಇದು ದಸರಾದ್ದಲ್ಲಂತ. ಹಳೇದಂತ. ಕೊಡ ಬಡದು ಇದು ಬರಂಗಿಲ್ಲಂತ."

ಅತ್ತೆ ಕ್ಯಾನ್ಸರ್ ಎಂಬ ಮಾತಿಗೆ ಹೆದರಲಿಲ್ಲ. ಅದು ಆಕೆಗೆ ಗೊತ್ತಿಲ್ಲದ ಮಾತು. ಸಿಟ್ಟು ಬಂದದ್ದು ಹಳೆಯದು ಎಂಬ ಮಾತಿಗೆ.

"ಹಳೇದಿದ್ರ ನನಗ ಗೊತ್ತಾಗ್ತಿದ್ದಿಲ್ಲೇನು? ಈ ಮೈಯಾಗ ಇರಾಕಿ ಆಕಿಯೋ ನಾನೋ? ಕೇಳು ಆಕೀನ್ನ!"

ಬೀಬಿ ಕೇಳಿದಳೋ, ಡಾಕ್ಟರಮ್ಮ ತಾನೇ ಅರ್ಥ ಮಾಡಿಕೊಂಡಳೋ. ನಕ್ಕಳು, ಅದು ನೋಯಿಸುವ ನಗೆಯಲ್ಲ. ಅವಳು ಹೇಳಿದ್ದನ್ನು ಬೀಬಿ ಹೊರಗೆ ಬಂದ ಮೇಲೆ ನನಗೊಬ್ಬಳಿಗೇ ಹೇಳಿದಳು: "ಎಲ್ಲಾರೂ ಹಿಂಗ ಅಂತಾರಂತ. ಕೆಲವರು ನಿನ್ನೀತನಕ ಹುಲಿ ಇದ್ದಂಗ ಇದ್ದೆ ಅಂತಾರ, ಕೆಲವರು ಹುಟ್ಟಿದಾಗಿಂದ ಜಡ್ಡೇ ಇದ್ದೆ ಅಂತಾರ. ಹೆಂಗಿದ್ರು ಅಂತ ಹೇಳಾಕ ಯಾರಿಗೂ ಬರಂಗಿಲ್ಲಂತ."

ಹೈದರಾಬಾದಿಗೆ ಅತ್ತೆ ಒಪ್ಪಲಿಲ್ಲ. ಬರಿದಾದ ಗಾಡಿಯಲ್ಲಿ ತಿರುಗಿ ಬರುವಾಗ ಹಲಗೆಯ ಮೇಲೆ ಮೈ ಕುಲುಕುತ್ತಿತ್ತು. ನಾನು ಕುಡಿಯುವ ನೀರಿನ ತಂಬಿಗೆ ಮುಂದೆ ಹಿಡಿದೆ. ಅತ್ತೆ ತೆಗೆದುಕೊಳ್ಳಲಿಲ್ಲ. ಮಗನ ಬೆನ್ನಿಗೆ ಹೇಳಿದಳು:

"ಇಕೀನ್ನ ದೇವದುರ್ಗಕ್ಕ ಬಿಟ್ಟು ಬಾ. ನನ್ನ ಮೈ ಕೆಡಸಿದ ಕೈ ಅದು. ಆ ಕೈಲೆ ನೀರು ಕುಡಿಯಾಂಗಿಲ್ಲ ನಾನು."

"ಯವ್ವಾ, ಡಾಕ್ಟ್ರಮ್ಮ ಹೇಳಿದ್ಲಲ್ಲ…"

"ಡಾಕ್ಟ್ರಮ್ಮ ನನ್ನ ಹೊಟ್ಯಾಗ ಹುಟ್ಯಾಳೋ, ನೀ ಹುಟ್ಟೀದಿಯೋ?"

ಮನೆಯವರು ಎತ್ತಿನ ಬಾಲ ತಿರುವಿದರು. ಸಾಯುವ ತಾಯಿಯ ಎದುರು ಯಾವ ಮಗ ಮಾತಾಡುತ್ತಾನೆ? ದೇವದುರ್ಗದಲ್ಲಿ ಬಿಟ್ಟು ಹೊರಡುವಾಗ, "ಸ್ವಲ್ಪ ದಿನ ಇರು" ಎಂದರು. ಆ ಸ್ವಲ್ಪ ದಿನ ಎಂದರೆ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆ ನೀರಮಾನ್ವಿಯ ಎಲ್ಲಮ್ಮನಿಗೆ ಹರಕೆ ಹೊರಲು ಹೋದಾಗ ಅಲ್ಲೊಂದು ಹುಡುಗಿಯನ್ನೂ ನೋಡಿ ಬಂದಿದ್ದಾಳೆ ಎಂದು ಓಣಿಯಲ್ಲಿ ಆಗಲೇ ಮಾತಿತ್ತು. ಮಕ್ಕಳಿಲ್ಲದ, ಕೈಗುಣ ಕೆಟ್ಟ ಸೊಸೆಯನ್ನು ಯಾರು ತಿರುಗಿ ಕರೆಯುತ್ತಾರೆ?

ಅವ್ವ ನನ್ನನ್ನು ಒಳಗೆ ಕರೆದುಕೊಂಡು ಉಣ್ಣಲು ಇಟ್ಟಳು. ಎಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿದಳು.

"ಬಡದಿತ್ತೇನು ಕೊಡ?"

"ಗೊತ್ತಿಲ್ಲ ಯವ್ವಾ."

"ಗೊತ್ತಿಲ್ಲ ಅಂದ್ರ? ಎದುರಿಗೆ ನಿಂತಾಕಿ ನೀನು!"

"ಬಡದಿರಬೇಕು. ಬಡದಂಗ ಆತು."

ಹೀಗೆಂದವಳು ನಾನೇ. ಯಾಕೆಂದರೆ ಅಷ್ಟು ಹೊತ್ತಿಗೆ ನನಗೂ ಬಡಿದದ್ದು ಕಾಣತೊಡಗಿತ್ತು. ದಿನಾ ಆ ಕತೆ ಕೇಳಿ ಕೇಳಿ, ಕೊಡದ ಅಂಚು ಅತ್ತೆಯ ಎದೆಗೆ ತಾಕುವ ಮೆತ್ತನೆಯ ಧಪ್ ಎಂಬ ಸಪ್ಪಳ ನನ್ನ ಕಿವಿಯಲ್ಲಿ ಸೇರಿಕೊಂಡಿತ್ತು. ಬಾವಿಯ ಕಟ್ಟೆ ಹಿಡಿದು ಕೂತ ಅತ್ತೆಯೂ ಕಾಣುತ್ತಿದ್ದಳು. ಹಾಸುಗಲ್ಲಿನ ಖಣ್ ಸಪ್ಪಳ ದೂರದ ಯಾವುದೋ ಮನೆಯದೆಂಬಂತೆ ಕೇಳುತ್ತಿತ್ತು.

ಮರುದಿನ ಮುಂಜಾನೆ ಅವ್ವನ ಜೊತೆ ಬೀಸಲು ಕೂತೆ. ಎರಡು ಸುತ್ತಿಗೇ ನಮ್ಮ ಮೊಣಕೈಗಳು ಡಿಕ್ಕಿ ಹೊಡೆದವು. ಅವ್ವ ಕಲ್ಲು ನಿಲ್ಲಿಸಿದಳು.

"ಇನ್ನೂ ಬಿಟ್ಟಿಲ್ಲೇನು ಬೇ ಈ ಎಡಗೈ ಚಾಳಿ?"

ನೋಡಿಕೊಂಡೆ. ನಾನು ಗೂಟ ಹಿಡಿದದ್ದು ಎಡಗೈಯಲ್ಲಿ. ಅತ್ತೆ ಎಡಗೈಯಲ್ಲಿ ಹಿಡಿಯುತ್ತಿದ್ದಳು, ಎದುರು ಕೂತ ನಾನೂ ಎಡಗೈಯಲ್ಲಿ ಹಿಡಿಯದಿದ್ದರೆ ಕಲ್ಲು ಸಲೀಸಾಗಿ ತಿರುಗುತ್ತಿರಲಿಲ್ಲ. ಅದಕ್ಕೇ ರೂಢಿಯಾಗಿತ್ತು. ಅವ್ವನಿಗೆ ಹಾಗೇ ಹೇಳಿದೆ.

"ಅದ ಅಂತೀನಿ. ಪಂಚಮಿಗೆ ಬಂದಾಗ ಅಂಗೈ ತುಂಬ ಗುಳ್ಳಿ ಎದ್ದಿದ್ವಲ್ಲ! ಜೋಕಾಲಿ ಹಗ್ಗ ಹಿಡಿಯಾಕ ಬರಲಾರದ ಅರಿವಿ ಸುತ್ತಿಗೊಂಡಿದ್ದಿ. ಹುಡುಗ್ಯಾರೆಲ್ಲ 'ಮಾನ್ವಿ ಸೊಸಿ ಎಡಚಿ ಆಗಿ ಬಂದಾಳ' ಅಂತ ನಕ್ಕಿದ್ರು. ಮರತಿಯೇನು?"

ಮರೆತಿದ್ದೆ. ಅವ್ವ ಹೇಳಿದ ಕೂಡಲೇ ಎಲ್ಲ ಬಂತು. ಜೋಕಾಲಿಯ ಹಗ್ಗದ ಉರಿ, ಅಂಗೈಯ ಗುಳ್ಳೆಗಳು, ಗೆಳತಿಯರ ನಗು. ಅದರ ಹಿಂದೆಯೇ ಇನ್ನೊಂದು ಮುಂಜಾನೆಯೂ ಬಂತು. ಮುಂಗಾರಿನ ಕಳೆ ತೆಗೆಯುವ ದಿನಗಳು. ಅತ್ತೆ ಕಲ್ಲಿನ ಮುಂದೆ ಕೂತವಳು ಬಲಗೈ ಚಾಚಿ, ಮುಖ ಹಿಂಡಿ, ಕೈ ಬದಲಿಸಿದ್ದಳು. "ಬಲಗೈ ಕಳೇವು ತಗದು ದಣದದ. ಎಡಗೈ ಕುಂತು ಉಣ್ಣಾಕತ್ತದ, ಅದೂ ದುಡೀಲಿ" ಎಂದಿದ್ದಳು. ನಾನು ನಕ್ಕಿದ್ದೆ. ಮತ್ತೆ ಬಲಗೈಗೆ ಹೋಗಿರಲೇ ಇಲ್ಲ ಆಕೆ.

ನಾಗರ ಪಂಚಮಿ ಶ್ರಾವಣದಲ್ಲಿ. ದಸರೆ ಆಮೇಲೆ. ಕೊಡ ಬೀಳುವ ಎಷ್ಟೋ ದಿನಗಳ ಮೊದಲೇ ಅತ್ತೆಯ ಬಲಗೈ ಸೋತಿತ್ತು.

"ಏಳು," ಎಂದಳು ಅವ್ವ. ಹಿಟ್ಟು ಹಾಗೇ ಕಲ್ಲಿನ ಸುತ್ತ ಬಿದ್ದಿತ್ತು. "ಯಾವುದರೆ ಗಾಡಿ ಹೊಂಟದೇನು ನೋಡಿ ಬರ್ತೀನಿ. ಬೀಗತಿ ಮುಂದ ಇದನ್ನ ನಾ ಹೇಳಾಕಿ."

ನಡುವೆ ಒಂದು ಊರಲ್ಲಿ ತಂಗಿ, ಮಾನ್ವಿ ಮುಟ್ಟಿದೆವು. ಮನೆಯವರು ಹತ್ತಿಗೆ ಹೋಗಿದ್ದರು. ಬೀಬಿ ಅತ್ತೆಗೆ ಗಂಜಿ ಕಾಸಿ ತಂದಿದ್ದಳು. ಅತ್ತೆ ಗೋಡೆಗೆ ಆತು ಕೂತಿದ್ದಳು, ಮುಖದಲ್ಲಿ ಮೂಗೇ ದೊಡ್ಡದಾಗಿತ್ತು. ನನ್ನನ್ನು ನೋಡಿ ಮುಖ ತಿರುವಿದಳು. ಅವ್ವನಿಗೆ ಮಾತ್ರ, "ಬರ್ರಿ ಬೀಗತಿ, ಮಗಳಿಗೆ ಕೊಡ ಎತ್ತಾಕ ಕಲಿಸಿ ಕರಕೊಂಡು ಬಂದ್ರೇನು?" ಎಂದಳು.

"ಕೊಡ ಇರ್ಲಿ ಬೀಗತಿ. ಬೀಸಾಕ ನೀವು ಕಲಿಸಿದ್ದು ನೋಡಾಕ ಬಂದೀನಿ," ಎಂದಳು ಅವ್ವ. "ಜ್ವಾಳ ತೀರ್ಯಾವೇನು, ಹಿಟ್ಟು ತೀರ್ಯಾದೇನು?"

"ಹಿಟ್ಟು" ಎಂದಳು ಬೀಬಿ.

ಅವ್ವ ನನ್ನನ್ನು ಕಲ್ಲಿನ ಮುಂದೆ ಕೂಡಿಸಿದಳು. ನಾನು ಒಬ್ಬಳೇ ತಿರುವತೊಡಗಿದೆ. ಕಲ್ಲು ಭಾರವಾಗಿತ್ತು. ಸಪ್ಪಳ ಬಿಟ್ಟು ಬಿಟ್ಟು ಬರುತ್ತಿತ್ತು. ಜೀವಮಾನವೆಲ್ಲ ಬೀಸಿದ ಹೆಂಗಸಿಗೆ ಅಂಥ ಕುಂಟು ಸಪ್ಪಳ ಕೇಳಿಕೊಂಡು ಕೂಡಲು ಆಗುವುದಿಲ್ಲ. ಅತ್ತೆ ಸ್ವಲ್ಪ ಹೊತ್ತು ತಾಳಿದಳು. ಆಮೇಲೆ ಸರಿದು ಸರಿದು ಬಂದು, ಎದುರು ಕೂತು, ಗೂಟಕ್ಕೆ ಕೈ ಹಾಕಿದಳು. ಎಡಗೈ.

"ಯಾವಾಗಿಂದ್ರೀ ಬೀಗತಿ, ಎಡಗೈ?" ಎಂದಳು ಅವ್ವ.

"ಯಾವಾಗಿಂದ ಅಂತ ಏನು ಕೇಳ್ತೀರಿ? ಕೊಡ ಬಡದಾಗಿಂದ."

ಅವ್ವ ನನ್ನ ಎಡಗೈಯನ್ನು ಹಿಡಿದು ಅಂಗೈ ಮೇಲೆ ಮಾಡಿದಳು. ಜೋಕಾಲಿ ಹೇಳಿದಳು, ಗುಳ್ಳೆ ಹೇಳಿದಳು, ಪಂಚಮಿ ಹೇಳಿದಳು. ಜೋರಾಗಿ ಹೇಳಲಿಲ್ಲ. ಜಗಳಕ್ಕೆಂದು ಬಂದವಳು ಅತ್ತೆಯ ಮುಖ ನೋಡಿದ ಮೇಲೆ ಜಗಳ ಬಿಟ್ಟಿದ್ದಳು. ಅತ್ತೆಯ ಕೈ ಗೂಟದ ಮೇಲೆಯೇ ಇತ್ತು. ಆಕೆ ಆ ಕೈಯನ್ನೇ ನೋಡಿದಳು, ಬೇರೆಯವರದೇನೋ ಎಂಬ ಹಾಗೆ.

"ಕಳೇವು ತಗಿಯಾಗ…" ಎಂದಳು. ಗೂಟ ಬಿಟ್ಟು ಬಲಗಡೆಯ ಬಗಲು ಮುಟ್ಟಿಕೊಂಡಳು. "ಆವಾಗಲೇ ಇತ್ತೇನು ಇದು?"

ಬೀಬಿ ಗಂಜಿಯ ಬಟ್ಟಲನ್ನು ಸುಮ್ಮನೆ ತಿರುವುತ್ತಿದ್ದಳು.

"ನೀರು ಕೊಡು ಬೇ" ಎಂದಳು ಅತ್ತೆ, ನನಗೆ.

ತಂಬಿಗೆ ಕೊಟ್ಟೆ, ಕುಡಿದಳು. ನನಗೆ ಬೇಕಾದದ್ದು ಸಿಕ್ಕಿತು. ಅವ್ವ ಮಾರನೆಯ ದಿನ ಹೊರಟುಹೋದಳು. ಹತ್ತಿ ಇಳಿಸಿ ಬಂದ ಮನೆಯವರು ನನ್ನನ್ನು ಒಲೆಯ ಮುಂದೆ ನೋಡಿ, ಏನೂ ಕೇಳದೆ, ಎತ್ತುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಮೇವು ಹಾಕಿದರು. ನೀರಮಾನ್ವಿಯ ಹುಡುಗಿಯ ಸುದ್ದಿ ಮತ್ತೆ ಏಳಲಿಲ್ಲ. ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಇಂದು ಡಾಕ್ಟರ ಮುಂದೆ ಮೂಕಿಯಂತೆ ಕೂಡುತ್ತಿರಲಿಲ್ಲ.

ಅತ್ತೆ ಹುಡುಕಲು ಶುರು ಮಾಡಿದಳು. ಕೊಡ ಅಲ್ಲವೆಂದ ಮೇಲೆ ಯಾವಾಗ? ಕಳೆ ತೆಗೆಯುವಾಗಲೇ ಇತ್ತೆಂದರೆ ಅದಕ್ಕೂ ಮುಂಚೆ ಇರಲಿಲ್ಲ ಎಂದು ಯಾರು ಹೇಳಬೇಕು? ಅರ್ಧಕ್ಕೆ ಬಿಟ್ಟ ರೊಟ್ಟಿ ನೆನಪಾಯಿತು. ಬೇಸಿಗೆಯ ತಲೆನೋವು ನೆನಪಾಯಿತು. ಅಲ್ಲಿಂದ ಹಿಂದಕ್ಕೆ, ಹಿಂದಕ್ಕೆ. ಗಂಡ ಸತ್ತ ವರ್ಷ ಎದೆಯಲ್ಲಿ ಚುಚ್ಚಿದಂತಾಗಿತ್ತು, ಅದು ದುಃಖವೋ ಇದೋ? ಮಗನಿಗೆ ಹಾಲು ಬಿಡಿಸುವಾಗ ಬಲಗಡೆ ಕಲ್ಲಿನಂತಾಗಿತ್ತು, ಅದು ಹಾಲೋ ಇದೋ? ನಾನು ರೊಟ್ಟಿ ಬಡಿಯುತ್ತಿದ್ದರೆ ಹಿಂದಿನಿಂದ ಕೇಳುತ್ತಿದ್ದಳು:

"ನೀ ಬಂದ ವರ್ಷ ನಾ ಹೆಂಗಿದ್ದೆ ಬೇ?"

"ಚೆಂದ ಇದ್ರಿ ಅತ್ತಿ. ನನಗ ಕಲ್ಲು ತಿರುವಾಕ ಉಸುರು ಬರ್ತಿದ್ದಿಲ್ಲ, ನೀವು ಬೀಸಿಗೋತ ನನ್ನ ಬೈತಿದ್ರಿ."

"ಬೈಯ್ಯಾಗ ಏದ್ತಿದ್ದೆನೇನು?"

ಬೀಬಿಯನ್ನು ಕೇಳುತ್ತಿದ್ದಳು. "ಅಕ್ಕಾ, ಕುದುರಿ ಇದ್ದಂಗ ಇದ್ದಿ" ಎಂದರೆ, "ನಿನಗೇನು ಗೊತ್ತು, ನೀ ಕೈ ಅಷ್ಟ ನೋಡಾಕಿ" ಎನ್ನುತ್ತಿದ್ದಳು. ಮಗನನ್ನು ಕೇಳುತ್ತಿದ್ದಳು, ಅವರು ಎದ್ದು ಎತ್ತುಗಳ ಕಡೆ ಹೋಗುತ್ತಿದ್ದರು. ಆಕೆಯ ಒಂದೊಂದೇ ಒಳ್ಳೆಯ ವರ್ಷ ಹುಳ ಬಿದ್ದ ಜೋಳದಂತೆ ಪುಡಿಯಾಗುವುದನ್ನು ನಾನು ಕಂಡೆ. ಮದುವೆಯಾಗಿ ಬಂದ ದಿನದ ತನಕ ಹೋದಳು. ಹಸೆಯ ಮೇಲೆ ಕೂತಾಗ ತಲೆ ಸುತ್ತಿತ್ತಂತೆ. ಮಾತಾಡಿಸುವವರು ಬಂದು "ಹೆಂಗ ಸುರು ಆತು" ಎಂದರೆ ಈಗ ಆಕೆಯ ಬಳಿ ಹೇಳಲು ಕತೆ ಇರಲಿಲ್ಲ. "ಗೊತ್ತಿಲ್ಲವ್ವಾ" ಎಂದು ಸೆರಗು ಮುಖಕ್ಕೆ ಹಾಕಿಕೊಳ್ಳುತ್ತಿದ್ದಳು. ಬಂದವರು ಬೇಗ ಎದ್ದು ಹೋಗುತ್ತಿದ್ದರು.

ಯುಗಾದಿ ಕಳೆದು ಬಿಸಿಲು ಏರಿತ್ತು. ಗಡ್ಡೆ ಒಡೆದಿತ್ತು. ನಾನು ಬೇವಿನೆಲೆಯ ನೀರಿನಿಂದ ತೊಳೆದು ಬಟ್ಟೆ ಇಡುತ್ತಿದ್ದೆ. ಒಂದು ಮಧ್ಯಾಹ್ನ ಆಕೆ ನನ್ನ ಮುಂಗೈ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ಬಿಡಿಸಿಕೊಳ್ಳಲು ಆಗಲಿಲ್ಲ.

"ಖರೇ ಹೇಳು. ಕೊಡ ಬಡದಿದ್ದಿಲ್ಲೇನು?"

ಏನು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮೂಲೆಯಲ್ಲಿ ಹೊಕ್ಕಳ ಕೊಡ ಇತ್ತು. ಅದರ ತಗ್ಗಿನಲ್ಲಿ ಬಾಗಿಲ ಬೆಳಕು ನಿಂತಿತ್ತು.

"ಬಡದಿತ್ರೀ ಅತ್ತಿ" ಎಂದೆ.

"ಎಲ್ಲಿ?"

"ಇಲ್ಲೇ. ಬಲಕ್ಕ. ನೀವು ಕಟ್ಟಿ ಹಿಡಕೊಂಡು ಕುಂತ್ರಿ."

"ಮತ್ತ ಎಡಗ್ಯಾಗ ಬೀಸಿದ್ದು?"

"ಕಳೇವು ತಗದು ಕೈ ದಣದಿತ್ತು. ಅಷ್ಟ."

ಅತ್ತೆ ಕಣ್ಣು ಮುಚ್ಚಿದಳು. ಎಷ್ಟೋ ದಿನಗಳ ಮೇಲೆ ಆಕೆಯ ಹುಬ್ಬು ಸಡಿಲವಾಯಿತು. "ಹಂಗಾದ್ರ ಅಲ್ಲೀತನಕ ನಾ ಚೆಂದ ಇದ್ದೆ" ಎಂದಳು.

"ಹೂನ್ರೀ. ಭಾಳ ಚೆಂದ ಇದ್ರಿ."

"ನಿನ್ನ ತಪ್ಪಿಲ್ಲ ಬೇ. ಕೊಡ ಒದ್ದಿ ಇತ್ತು." ನನ್ನ ಮುಂಗೈಯನ್ನು ಬಿಡದೆ ಮೆಲ್ಲಗೆ ತಟ್ಟಿದಳು. "ಯಾರರೆ ಕೇಳಿದ್ರ ಜಾರಿತು ಅಂತ ಹೇಳು. ನಾನೂ ಹಂಗ ಹೇಳ್ತೀನಿ."

ಹಾಗೇ ಹೇಳಿದಳು, ಕೊನೆಯ ತನಕ. ನೀರು ನನ್ನ ಕೈಯಿಂದಲೇ ಕುಡಿದಳು. ಮುಂದಿನ ಪಂಚಮಿಯ ಹೊತ್ತಿಗೆ ಆಕೆ ಇರಲಿಲ್ಲ. ನಾನು ಜೋಕಾಲಿಗೆ ಹೋಗಲಿಲ್ಲ.

ಹೊಕ್ಕಳ ಕೊಡ ಇನ್ನೂ ನನ್ನ ಹತ್ತಿರವೇ ಇದೆ. ಮೊಮ್ಮಗಳು ಅದರಲ್ಲಿ ಮಣ್ಣು ತುಂಬಿ ತುಳಸಿ ಹಚ್ಚೋಣ ಎನ್ನುತ್ತಾಳೆ, ನಾನು ಬೇಡವೆಂದಿದ್ದೇನೆ. ಆಗಾಗ ಅದರ ತಗ್ಗನ್ನು ಬೆರಳಿಂದ ಸವರಿ ನೋಡುತ್ತೇನೆ. ಹೆಂಗಸಿನ ಎದೆಗೆ ಬಡಿದರೆ ಹಿತ್ತಾಳೆಗೆ ಅಷ್ಟು ಆಳದ ತಗ್ಗು ಬೀಳುವುದಿಲ್ಲ, ಅದು ಕಲ್ಲಿನದೇ ತಗ್ಗು. ಇದು ನನಗೆ ಗೊತ್ತು. ಹೀಗೆ ಗೊತ್ತಿದ್ದೂ, ಯಾರಾದರೂ "ಯಾವಾಗಿನಿಂದ?" ಎಂದು ಕೇಳಿದರೆ ಸಾಕು, ಒದ್ದೆ ಕೊಡ ನನ್ನ ಕೈಯಿಂದ ಜಾರುತ್ತದೆ. ಕಲ್ಲಿನ ಖಣ್ ಸಪ್ಪಳಕ್ಕೆ ಕಿವಿಗೊಟ್ಟು ಕಾಯುತ್ತೇನೆ. ಕೇಳಿಸುವುದು ಆ ಮೆತ್ತನೆಯ ಧಪ್.